ಕ್ಯಾಸೆಟ್ಟಿಗೆ ಸಿಗದ ಲಗಮವ್ವನ ಜವಾಬು

ಕರೋಶಿಯ ಲಗಮವ್ವ ಹೋದ ವರ್ಷ ಕಬ್ಬಿನ ಸುಗ್ಗಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಸಲ ಸೋಲುತ್ತಿದ್ದಳು. ಇದು ನಾನು ಹೇಳುವ ಮಾತಲ್ಲ, ಅವಳದೇ. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಅವಳ ಮನೆ ಮುಂದಿನ ರಸ್ತೆಯಲ್ಲೇ ಕಾರ್ಖಾನೆಗೆ ಹೋಗುತ್ತವೆ. ಆ ಸುಗ್ಗಿಯಲ್ಲಿ ಎಲ್ಲ ಡ್ರೈವರುಗಳಿಗೂ ಒಂದೇ ಹಾಡಿನ ಹುಚ್ಚು. ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕೂತ ಲಗಮವ್ವ, ಆ ಹಾಡು ಹಾದುಹೋದಾಗಲೆಲ್ಲ ಕೈ ನಿಲ್ಲಿಸಿ ಒಂದು ಹರಳು ಎತ್ತಿ ಬದಿಗಿಡುತ್ತಿದ್ದಳು. ಸಂಜೆ ಮೊಮ್ಮಗಳು ಕೋಮಲಳಿಂದ ನನಗೆ ಫೋನ್ ಹಚ್ಚಿಸಿ ವರದಿ ಒಪ್ಪಿಸುತ್ತಿದ್ದಳು.

"ಇವತ್ತ ಹನ್ನೊಂದ ಸಲ ಸೋತೆ ತಮ್ಮಾ. ಎಲ್ಲಾ ನಿನ್ನ ಹೊಟ್ಟಿ ಪುಣ್ಯ."

ಮಾತು ಖರೇನೇ. ನನ್ನ ಹೊಟ್ಟೆಯಿಂದಲೇ ಇಷ್ಟೆಲ್ಲ ಆಗಿದ್ದು. ಈ ಲಗಮವ್ವನ ಕತೆ ಬರೆಯಲು ನನಗಿರುವ ಅರ್ಹತೆ ಅದೊಂದೇ: ಅವಳ ಜೀವನದ ಅತ್ಯಂತ ದೊಡ್ಡ ಗಳಿಗೆಯಲ್ಲಿ ನಾನು ಊಟಕ್ಕೆ ಹೋಗಿದ್ದೆ.

ನಾನು ಸಮ್ಮೇದ. ಹುಟ್ಟೂರು ಶೇಡಬಾಳ, ಅಂಗಡಿ ಚಿಕ್ಕೋಡಿಯಲ್ಲಿ. ಮೊದಲು ಕ್ಯಾಸೆಟ್ ಮಾರಿದೆ, ಕ್ಯಾಸೆಟ್ ಸತ್ತ ಮೇಲೆ ಸಿಡಿ ಮಾರಿದೆ, ಸಿಡಿ ಸತ್ತ ಮೇಲೆ ಮೊಬೈಲಿನ ಕವರು ಮತ್ತು ಚಾರ್ಜರು ಮಾರುತ್ತಿದ್ದೇನೆ. ಜೊತೆಗೆ ಮದುವೆ ಮುಂಜಿಗೆ ಸೌಂಡ್ ಸೆಟ್ ಬಾಡಿಗೆ ಕೊಡುತ್ತೇನೆ. ಜೈನರ ಮನೆಯಲ್ಲಿ ಹುಟ್ಟಿದವನು, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗಿಡುವುದಿಲ್ಲ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಅವ್ವ ಹಾಕಿದ ರೂಢಿ. ಆದರೆ ಹಸಿವು ತಡೆಯುವ ಶಕ್ತಿಯನ್ನು ಅವ್ವ ಕೊಡಲಿಲ್ಲ. ಹಾಗಾಗಿ ಬಿಸಿಲು ಹಳದಿಗೆ ತಿರುಗಿತೆಂದರೆ ನನ್ನ ಕಾಲು ತಾವೇ ಮನೆಯ ದಾರಿ ಹಿಡಿಯುತ್ತವೆ.

ಲಗಮವ್ವ ಕುರುಬರ ಮಗಳು. ಗಂಡ ಲಕ್ಷ್ಮಣನ ಜೊತೆ ವರ್ಷದ ಎಂಟು ತಿಂಗಳು ಕುರಿ ಹಿಂದೆ ನಡೆದವಳು. ಹಗಲು ಮೇಯಿಸುವುದು, ರಾತ್ರಿ ಯಾರದಾದರೂ ಹೊಲದಲ್ಲಿ ಕುರಿ ತರುಬುವುದು, ಗೊಬ್ಬರಕ್ಕೆ ಬದಲಾಗಿ ಹೊಲದವರಿಂದ ಜೋಳ ಪಡೆಯುವುದು. ನಿಪ್ಪಾಣಿಯ ತಂಬಾಕಿನ ಹೊಲಗಳಿಂದ ಕಾಗವಾಡದ ಹೊಳೆಸಾಲಿನವರೆಗೆ ಅವಳು ಮಲಗದ ಹೊಲವಿಲ್ಲ. ನಿಪ್ಪಾಣಿ ಕಡೆ ಹೋದಾಗ ಕುರಿಗಳಿಗೆ ಮರಾಠಿಯಲ್ಲಿ ಬೈಯುತ್ತಿದ್ದಳು. ಯಾಕೆ ಎಂದು ಕೇಳಿದರೆ, ಅಲ್ಲಿಯ ಜನರಿಗೂ ತಾನು ಏನು ಬೈದೆ ಎಂಬುದು ತಿಳಿಯಲಿ, ಹೊಲದ ಬದು ಹಾಳಾದರೆ ತಾನು ಸುಮ್ಮನಿರಲಿಲ್ಲ ಎಂಬುದಕ್ಕೆ ಸಾಕ್ಷಿ ಇರಲಿ ಎನ್ನುತ್ತಿದ್ದಳು. ಸಾಕ್ಷಿಯ ವಿಷಯದಲ್ಲಿ ಅವಳು ಆಗಿನಿಂದಲೂ ಹುಷಾರು.

ಅಪ್ಪ ಕಾಡಸಿದ್ದನಿಂದ ಡೊಳ್ಳಿನ ಹಾಡು ಕಲಿತಿದ್ದಳು. ನಮ್ಮ ಸುತ್ತಿನಲ್ಲಿ ಆಗ ಹೆಂಗಸರು ಮೇಳ ಕಟ್ಟಿ ಗಂಡಸರ ಎದುರು ಸವಾಲ್-ಜವಾಬಿಗೆ ನಿಲ್ಲುತ್ತಿರಲಿಲ್ಲ. ಇವಳು ನಿಂತಳು. ಹಿರಿಯರು ಮುಖ ಗಂಟಿಕ್ಕಿದರು. ಲಕ್ಷ್ಮಣ ಮಾತ್ರ, ಮನೆಯಲ್ಲಿ ನಾನು ಜವಾಬು ಕೊಡಲಾರದೆ ಸಾಯುತ್ತಿದ್ದೇನೆ, ಹೊರಗಿನವರೂ ಒಂದಿಷ್ಟು ಅನುಭವಿಸಲಿ ಎಂದು ನಕ್ಕು ಡೊಳ್ಳು ಹೊತ್ತುಕೊಂಡು ಅವಳ ಹಿಂದೆ ನಡೆದ.

ಆ ಆಟಕ್ಕೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಒಬ್ಬರು ಹಾಡಿನಲ್ಲಿ ಸವಾಲು ಹಾಕಬೇಕು, ಮೂರು ಸಲ. ಮೂರನೆಯ ಸಲ ಮುಗಿದ ಮೇಲೆ ವಾದ್ಯ ನಿಲ್ಲಿಸಿ ತೆಪ್ಪಗೆ ನಿಲ್ಲಬೇಕು. ಆಗ ಎದುರಿನವರು ಜವಾಬು ಎತ್ತಿಕೊಳ್ಳಬೇಕು, ಇಲ್ಲವಾದರೆ ಸೋಲು. ಜವಾಬು ಬಂದರೆ ಸವಾಲು ಹಾಕಿದವನು ತನ್ನ ವಾದ್ಯ ಬೋರಲು ಹಾಕಿ, ಗೆದ್ದವರ ಹಣೆಗೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಹಚ್ಚಬೇಕು. ಒಮ್ಮೆ ಜವಾಬು ಬಂದ ಸವಾಲು ಎಂಜಲು, ಹಾಕಿದವನೇ ಅದನ್ನು ಮತ್ತೆ ಹಾಕುವ ಹಾಗಿಲ್ಲ. ಯಾರೂ ಎದುರು ನಿಂತು ಕೇಳದೆ ಜವಾಬನ್ನು ಸುಮ್ಮಸುಮ್ಮನೆ ಹಾಡುವ ಹಾಗೂ ಇಲ್ಲ, ರೊಟ್ಟಿ ಬಡಿಯುವಾಗ ಗುನುಗುವ ಹಾಗೂ ಇಲ್ಲ.

ಅವಳ ಸರಿಸಮ ಎದುರಾಳಿ ಕೊಕಟನೂರಿನ ಸಿದರಾಯ. ಶೋಕಿ ಮನುಷ್ಯ. ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ಮಿರಜಿಗೆ ಹೋಗಿ ಒಂದು ಕರೆಂಟಿನ ಗಿಟಾರ್ ತಂದ. ಡೊಳ್ಳಿನ ಹಿಂದೆ ಅದು ಗುಂಯ್ ಎಂದಾಗ ಮುದುಕರು ಕಿವಿ ಮುಚ್ಚಿಕೊಂಡರು, ಹುಡುಗರು ಕುಣಿದರು. ಆ ವರ್ಷ ಚಳಿಗಾಲದಲ್ಲಿ ಕರೋಶಿಯಲ್ಲಿ ಇಬ್ಬರಿಗೂ ಜಿದ್ದು ಬಿತ್ತು. ನಾನು ಇಪ್ಪತ್ತಾರರ ಹುಡುಗ, ಹೊಸ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿದ್ದೆ. ಮಧ್ಯಾಹ್ನದಿಂದ ಸಂಜೆಯ ತನಕ ಒಬ್ಬರನ್ನೊಬ್ಬರು ಬಿಡಲಿಲ್ಲ. ಕೊನೆಗೆ ಸಿದರಾಯ ಗಿಟಾರ್ ಹಿಡಿದು, ಊರು ಮನೆ ಇಲ್ಲದೆ ಅಲೆಯುವವಳು ಎಂದು ಅವಳನ್ನು ಕೆಣಕುವ ಸವಾಲು ಎತ್ತಿದ:

ಹಗಲ ಗುಡ್ಡದಾಗ, ಇರುಳ ಹೊಲದಾಗ,
ಊರೂರ ಅಲಿವಾಕಿ,
ಬಾಗಿಲ ಬಡದು ಕರಿಬೇಕಂದರ
ನಿನ್ನ ಬಾಗಿಲ ಎಲ್ಲೈತಿ?

ಬಿಸಿಲು ಹಳದಿಯಾಗಿತ್ತು. ಅದೇ ಊರಿನಲ್ಲಿ ನಮ್ಮ ಸಂಬಂಧಿ ತವನಪ್ಪನ ಮನೆಯಲ್ಲಿ ನನಗೆ ತಾಟು ಇಟ್ಟಿದ್ದರು. ಸಿದರಾಯನ ಸ್ವಭಾವ ನನಗೆ ಗೊತ್ತು, ಒಂದು ಸವಾಲನ್ನು ಅರ್ಧ ತಾಸು ಎಳೆಯುವವನು. ಟೇಪು ತನ್ನ ಪಾಡಿಗೆ ತಿರುಗಲಿ, ಎರಡು ರೊಟ್ಟಿ ತಿಂದು ಬಂದು ಕ್ಯಾಸೆಟ್ ಬದಲಿಸಿದರಾಯಿತು ಎಂದುಕೊಂಡು, ಗುಂಪಿನ ನಡುವೆ ಬಗ್ಗಿ ಬಗ್ಗಿ ನುಸುಳಿ ಹೋದೆ. ತವನಪ್ಪನ ಹೆಂಡತಿ ಕಮಲಾಬಾಯಿ ಅವತ್ತು ಶೇಂಗಾದ ಹೋಳಿಗೆ ಮಾಡಿದ್ದಳು. ಎರಡು ರೊಟ್ಟಿಯ ಲೆಕ್ಕ ಎಲ್ಲಿಗೋ ಹೋಯಿತು.

ತಿರುಗಿ ಬರುವಷ್ಟರಲ್ಲಿ ಸಿದರಾಯನ ಗಿಟಾರ್ ನೆಲದ ಮೇಲೆ ಬೋರಲು ಬಿದ್ದಿತ್ತು. ಅವನು ಲಗಮವ್ವನ ಹಣೆಗೆ ಭಂಡಾರ ಹಚ್ಚುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನನ್ನನ್ನು ಕಂಡು ಇನ್ನೂ ಜೋರಾಗಿ ನಕ್ಕರು. ಮೀಸೆಗೆ ಹೋಳಿಗೆಯ ತುಪ್ಪ ಹತ್ತಿರಬೇಕೆಂದು ಒರೆಸಿಕೊಂಡೆ. ಟೇಪು ನೋಡಿದರೆ ಸವಾಲು ಮೂರನೆಯ ಸಲ ಮುಗಿದ ಕಡೆಗೇ ಕ್ಯಾಸೆಟ್ ತೀರಿ, ಬಟನ್ ಮೇಲೆದ್ದು ಕೂತಿತ್ತು. ಲಗಮವ್ವ ಏನು ಹಾಡಿದಳೆಂದು ಯಾರನ್ನು ಕೇಳಿದರೂ ಅವರಿಗೆ ನಗು ತಡೆಯಲು ಆಗುತ್ತಿರಲಿಲ್ಲ. ಯಾರೂ ಹೇಳಲೇ ಇಲ್ಲ.

ಆಮೇಲೆ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಯಾಸೆಟ್ಟನ್ನು ಹಾಗೆಯೇ ಬಿಡುಗಡೆ ಮಾಡಿದೆ. ಗಿಟಾರಿನ ಮೋಡಿಗೆ ಅದು ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆ ಓಡಿತು. ಕೇಳಿದವರಿಗೆ ಸಿಕ್ಕಿದ್ದಿಷ್ಟು: ಸಿದರಾಯ ಮೂರು ಸಲ ಕೇಳುತ್ತಾನೆ, ಆಮೇಲೆ ಟಕ್ ಎಂದು ನಿಲ್ಲುತ್ತದೆ. ಅಂದರೆ ಲಗಮವ್ವನ ಬಾಯಿ ಕಟ್ಟಿತು. ಅವಳು ಹೋದಲ್ಲೆಲ್ಲ ಜನ, ಬಾಗಿಲು ಸಿಕ್ಕಿತೇನವ್ವಾ ಎಂದು ಕೇಳಲು ಶುರುಮಾಡಿದರು. ಅವತ್ತು ಎದುರೇ ಕೂತು ಜವಾಬು ಕೇಳಿದವರು ಕೂಡ ವರ್ಷ ಕಳೆದಂತೆ ಟೇಪಿನ ಮಾತನ್ನೇ ನಂಬಿದರು. ಸಿದರಾಯನೊಬ್ಬ ಸಾಯುವ ತನಕ, ನಾನು ಸೋತವನು, ನಾನೇ ಅವಳಿಗೆ ಭಂಡಾರ ಹಚ್ಚಿದವನು ಎಂದು ಸಾರುತ್ತಿದ್ದ. ದೊಡ್ಡವರ ವಿನಯ ನೋಡ್ರಿ ಎಂದು ಜನ ಅವನನ್ನೇ ಹೊಗಳಿದರು. ಜವಾಬು ಏನೆಂದು ನಾನು ಕೇಳಿದರೆ ಮಾತ್ರ, ಅದು ಅವಳ ಬಾಯಿಂದಲೇ ಬರಬೇಕು ಎನ್ನುತ್ತಿದ್ದ. ಅವನು ತೀರಿ ಎಂಟು ವರ್ಷವಾಯಿತು. ಲಗಮವ್ವ ಗೆದ್ದಳು ಎನ್ನಲು ಉಳಿದವನು ನಾನೊಬ್ಬನೇ, ಆ ಗೆಲುವಿನ ಒಂದು ಸಾಲನ್ನೂ ನಾನು ಕೇಳಿರಲಿಲ್ಲ.

ಎಷ್ಟೋ ಸಲ ಬೇಡಿಕೊಂಡೆ. ಅಕ್ಕಾ, ಅಂಗಡಿಗೆ ಬಾ, ಜವಾಬು ಹಾಡು, ಹೊಸದಾಗಿ ತುಂಬಿಸಿಕೊಳ್ಳುತ್ತೇನೆ ಎಂದೆ. ಕೇಳದೆ ಹಾಡಿದರೆ ಅದು ಜವಾಬಲ್ಲ, ಬಡಬಡಿಕೆ ಎಂದು ಕೈ ಝಾಡಿಸಿದಳು. ಯಾರಾದರೂ ಹೊಸಬರು ಎದುರು ನಿಂತು ಕೇಳಬೇಕು. ಮೂವತ್ತು ಚಿಲ್ಲರೆ ವರ್ಷ ಯಾರೂ ಕೇಳಲಿಲ್ಲ.

ಆಮೇಲೆ ಕುಣಾಲ ಬಂದ. ನಿಪ್ಪಾಣಿಯ ಹುಡುಗ, ವಯಸ್ಸು ಹದಿನೇಳು, ಒಂದು ಕಣ್ಣಿನ ಮೇಲೆ ಕೂದಲು, ಹಾಲಿನಂಥ ಬಿಳಿ ಬೂಟು. ನಾಲ್ಕು ತಾಲೂಕಿನ ಹುಡುಗಿಯರ ಮೊಬೈಲ್ ಕವರಿನ ಮೇಲೆ ಅವನ ಫೋಟೋ ಇರುತ್ತದೆ, ನಾನೇ ಮಾರಿದ್ದು. ನನ್ನ ಸೊಸೆ ಮನಿಷಾ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಒರೆಸಿ ಯೂಟ್ಯೂಬಿಗೆ ಏರಿಸಿದ್ದಳು. ಅಲ್ಲಿ ಆ ಹುಡುಗನಿಗೆ ಸಿದರಾಯನ ಸವಾಲು ಸಿಕ್ಕಿತು. ಅವನು ಅದನ್ನು ಸಕ್ಕರೆ ಪಾಕದಲ್ಲಿ ಅದ್ದಿ, ಉಸಿರು ಬಿಟ್ಟು ಬಿಟ್ಟು, ನಡುವೆ ಢಬ್ ಢಬ್ ಎನಿಸಿ ಹಾಡಿದ. ಕೆಣಕುವ ಸವಾಲು ಹೋಗಿ ವಿರಹದ ಹಾಡಾಯಿತು. ಕೆಳಗಿನ ಕಾಮೆಂಟುಗಳಲ್ಲಿ ಹುಡುಗಿಯರು ತಂತಮ್ಮ ಬಾಗಿಲಿನ ವಿಳಾಸ ಬರೆದರು. ಒಬ್ಬಳಂತೂ ರಾಯಬಾಗದಿಂದ ಬರುವ ಬಸ್ಸಿನ ಟೈಮನ್ನೂ ಹಾಕಿದ್ದಳು. ನನಗೆ ಮೊದಲು ಸಿಟ್ಟು ಬಂತು. ಮೂರು ದಿನದ ಮೇಲೆ ಸ್ನಾನ ಮಾಡುತ್ತ ನಾನೇ ಅದನ್ನು ಗುನುಗುತ್ತಿದ್ದೆ, ಹಾಗಾಗಿ ಸಿಟ್ಟನ್ನು ಬಹಳ ಬೆಳೆಸಲಿಲ್ಲ.

ಲಗಮವ್ವನ ಲೆಕ್ಕವೇ ಬೇರೆ. ಹಾಡಿದ್ದು ಹುಡುಗನೋ ಟ್ರ್ಯಾಕ್ಟರೋ, ಸವಾಲು ಸವಾಲೇ. ತನ್ನ ಬಾಗಿಲ ಮುಂದೆಯೇ ಬಂದು ಮೂರು ಮೂರು ಸಲ ಕೇಳಿ ಹೋಗುತ್ತಿದ್ದಾರೆ, ತಾನು ಎದ್ದು ನಿಲ್ಲುವಷ್ಟರಲ್ಲಿ ಟ್ರ್ಯಾಕ್ಟರು ದಾಟಿರುತ್ತದೆ. ಒಂದು ದಿನ ಅವಳು ರಸ್ತೆಗಿಳಿದು ಕೋಲು ಅಡ್ಡ ಹಿಡಿದು ಟ್ರ್ಯಾಕ್ಟರು ನಿಲ್ಲಿಸಿದಳಂತೆ. ಡ್ರೈವರು ಪಾಪ, ಕಬ್ಬು ಬೇಕಾಗಿರಬೇಕು ಎಂದು ಎರಡು ಗಳ ಕಿತ್ತುಕೊಟ್ಟು ಹೋದ.

ಕೋಮಲಳಿಗೆ ತಾನು ಹಗಲು ರಾತ್ರಿ ಕೇಳುವ ಹಾಡಿನಲ್ಲಿ ಅಲೆಯುವವಳು ತನ್ನ ಆಯಿಯೇ ಎಂಬುದು ತಿಳಿದದ್ದು ಆಗಲೇ. ಎರಡು ದಿನ ಮಾತು ಬಿಟ್ಟಳಂತೆ, ಮೊದಲೇ ಯಾಕೆ ಹೇಳಲಿಲ್ಲ ಎಂದು. ಆಮೇಲೆ ಸವಾಲ್-ಜವಾಬಿನ ನಿಯಮಗಳನ್ನೆಲ್ಲ ಕೇಳಿ ಕೇಳಿ ಪಾಠ ಮಾಡಿಕೊಂಡಳು. ಜವಾಬು ಏನೆಂದು ಅವಳಿಗೂ ಆಯಿ ಹೇಳಲಿಲ್ಲ.

ಆ ಹೊತ್ತಿಗೆ ಚಿಕ್ಕೋಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಉದ್ಘಾಟನೆ ಗೊತ್ತಾಯಿತು. ರಿಬ್ಬನ್ ಕತ್ತರಿಸಲು ಕುಣಾಲ, ಪಕ್ಕದ ಬಯಲಿನಲ್ಲಿ ಅವನ ಹಾಡು, ಸೌಂಡ್ ಸೆಟ್ ನನ್ನದು. ನಾನು ಅವತ್ತೇ ನಿಪ್ಪಾಣಿಗೆ ಬಸ್ ಹತ್ತಿ ಹೋಗಿ ಹುಡುಗನನ್ನು ಕಂಡೆ. ಒಳ್ಳೆಯ ಹುಡುಗ, ಕಾಲಿಗೆ ಬಿದ್ದ. ಹಾಡು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದನಂತೆ. ಅರ್ಧಕ್ಕೇ ನಿಂತದ್ದೇ ಚೆಂದ ಕಂಡಿತ್ತಂತೆ. ಆಜಿ ಬಂದು ಹಾಡಲಿ, ನನ್ನದೇನೂ ತಕರಾರಿಲ್ಲ ಎಂದ. ನಾನು ಕುಣಿಯುತ್ತ ವಾಪಸ್ ಬಂದೆ. ಮೂರನೆಯ ಸಲದ ನಂತರ ಸುಮ್ಮನಾಗಬೇಕು ಎಂಬ ಮುಖ್ಯ ಮಾತನ್ನೇ ಹೇಳಲು ಮರೆತದ್ದು ನನಗೆ ಆಗ ಹೊಳೆಯಲಿಲ್ಲ.

ಉದ್ಘಾಟನೆಯ ದಿನ ಐದಕ್ಕೇ ಬಯಲು ತುಂಬಿತು. ಲಗಮವ್ವ ಇಳಕಲ್ ಸೀರೆ ಉಟ್ಟು, ಅಪ್ಪನ ಡೊಳ್ಳು ಹಾಕಿಕೊಂಡು, ಸೊಂಟದ ಚೀಲದಲ್ಲಿ ಭಂಡಾರ ಕಟ್ಟಿಕೊಂಡು ಬಂದಿದ್ದಳು. ನಿಪ್ಪಾಣಿಯ ಹುಡುಗ ಭಂಡಾರ ತಂದಿರುತ್ತಾನೋ ಇಲ್ಲವೋ ಎಂಬ ಚಿಂತೆ ಅವಳಿಗೆ. ಸೋಲಬಹುದೆಂಬ ಚಿಂತೆ ಮಾತ್ರ ಇದ್ದಂತಿರಲಿಲ್ಲ. ಅದನ್ನು ನಾನು ಅವಳ ಪಾಲಿಗೂ ಸೇರಿಸಿ ಮಾಡುತ್ತಿದ್ದೆ. ಎಲ್ಲರ ಕೈಯಲ್ಲೂ ಮೊಬೈಲು. ಇಲ್ಲಿ ಎಡವಿದರೆ ಅವಳು ಸೋತದ್ದು ಈ ಸಲ ಎಲ್ಲರ ಕಣ್ಣೆದುರು, ಖರೇ ಅಂದರೆ ಖರೇ ಆಗುತ್ತಿತ್ತು.

ರಿಬ್ಬನ್ನು, ಭಾಷಣ, ಮಾಲೀಕನ ಮಗಳ ನೃತ್ಯ ಎಲ್ಲ ಮುಗಿಯುವಾಗ ಬಿಸಿಲು ಹಳದಿಗೆ ತಿರುಗಿತ್ತು. ಮನಿಷಾ ಬಂದು, ಮಾವಾರ, ಊಟ ತಂದೀನಿ, ಹೊತ್ತು ಮುಳುಗುತ್ತದೆ ಎಂದಳು. ಡಬ್ಬಿಯಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು. ನನಗೆ ಎಷ್ಟು ಹಸಿವಾಗಿತ್ತೆಂದು ಬರೆದರೆ ನೀವು ನಂಬುವುದಿಲ್ಲ. ಇವತ್ತು ಒಲ್ಲೆ ಎಂದು ಹೇಳಿ ಮಿಕ್ಸರಿನ ಮುಂದೆ ಗಟ್ಟಿಯಾಗಿ ಕೂತೆ. ರೆಕಾರ್ಡಿಂಗ್ ಬಟನ್ ಒತ್ತಿ, ಒತ್ತಿದೆಯೋ ಇಲ್ಲವೋ ಎಂದು ಮೂರು ಸಲ ನೋಡಿದೆ.

ಕುಣಾಲ ಲಗಮವ್ವನನ್ನು ವೇದಿಕೆಗೆ ಕರೆದು, ಇವರೇ ನಮ್ಮ ಹಾಡಿನ ಆಜಿ ಎಂದು ಪರಿಚಯಿಸಿದ. ಜನ ಸಿಳ್ಳೆ ಹೊಡೆದರು. ಅವನ ಗಿಟಾರ್ ತೋರಿಕೆಗೆ ಮಾತ್ರ, ಸಂಗೀತವೆಲ್ಲ ಪೆನ್ ಡ್ರೈವಿನಲ್ಲಿತ್ತು. ಅವನು ಅವಳ ಕಡೆ ತಿರುಗಿ ಒಂದನೆಯ ಸಲ ಕೇಳಿದ. ಎರಡನೆಯ ಸಲ ಕೇಳಿದ, ಬಯಲೆಲ್ಲ ಜೊತೆಗೂಡಿತು. ಮೂರನೆಯ ಸಲವೂ ಕೇಳಿದ. ಲಗಮವ್ವ ಡೊಳ್ಳಿನ ಮೇಲೆ ಕೈಯಿಟ್ಟು ಮೌನಕ್ಕಾಗಿ ಕಾದಳು. ಮೌನ ಬರಲಿಲ್ಲ. ಪೆನ್ ಡ್ರೈವಿಗೆ ಯಾವ ನಿಯಮ ಗೊತ್ತು, ಅದು ಢಬ್ ಢಬ್ ಎಂದು ಮುಂದಕ್ಕೆ ಹೊರಟಿತು. ಹುಡುಗ ಅದರ ಹಿಂದೆ ಕುಣಿಯಲು ಶುರುಮಾಡಿದ. ಅವಳು ನಿಂತಲ್ಲೇ ನಿಂತಿದ್ದಳು. ಮುಂದಿನ ಸಾಲಿನ ಪಡ್ಡೆಗಳು ಆಗಲೇ, ಆಜಿಗೆ ಮರೆತುಹೋಯಿತು ಎಂದು ನಗುತ್ತಿದ್ದರು.

ನಾನು ಸಂಗೀತದ ಗುಂಡಿಯನ್ನು ಪೂರ್ತಿ ಕೆಳಗೆಳೆದೆ. ಅಷ್ಟು ದೊಡ್ಡ ಬಯಲು ಒಮ್ಮೆಲೇ ಸುಮ್ಮನಾಯಿತು.

ಕುಣಾಲ ಗಾಬರಿಯಾಗಿ ನನ್ನ ಕಡೆ ನೋಡಿದ. ಲಗಮವ್ವನೂ ನೋಡಿದಳು, ಆದರೆ ಹಾಡಲಿಲ್ಲ. ಮೈಕಿಗೆ ಬಾಯಿ ಹಚ್ಚಿ, ಎಲ್ಲರಿಗೂ ಕೇಳುವಂತೆ ವಿಚಾರಿಸಿದಳು.

"ಸಮ್ಮೇದ ಉಣ್ಣಾಕ ಹೋಗ್ಯಾನೋ, ಅದಾನೋ?"

ನಾನು ಎದ್ದು ಎರಡೂ ಕೈ ಮೇಲೆತ್ತಿದೆ. ಆಗ ಅವಳು ಡೊಳ್ಳಿಗೆ ಪೆಟ್ಟು ಕೊಟ್ಟು ಎತ್ತಿಕೊಂಡಳು. ಅರವತ್ತನಾಲ್ಕರ ದನಿ, ಅಲ್ಲಲ್ಲಿ ಸವೆದಿತ್ತು, ಆದರೆ ಗುಡ್ಡದ ಆಚೆಯ ಕುರಿಗೆ ಮುಟ್ಟಿಸಿ ರೂಢಿಯಾದ ದನಿ.

ಕೋಲ ಊರಿದಲ್ಲಿ ಕಂಬ ಐತೋ,
ಕಂಬಳಿ ಹಾಸಿದಲ್ಲಿ ನಡುಮನಿ,
ನಾಯಿ ಮಲಗಿದಲ್ಲಿ ಬಾಗಿಲ ಐತೋ,
ನಾಯಿನ್ನ ಕೇಳಿ ಒಳಗ ಬಾ.

ಬಯಲು ಹೋ ಎಂದು ನಕ್ಕಿತು. ಕುಣಾಲನೂ ಹೊಟ್ಟೆ ಹಿಡಿದುಕೊಂಡ. ನಾನು ಮುಗಿಯಿತು ಎಂದುಕೊಂಡು ಉಸಿರು ಬಿಟ್ಟೆ. ಮುಗಿದಿರಲಿಲ್ಲ. ಅವಳು ಮೆಲ್ಲಗೆ ನನ್ನ ಕಡೆ ತಿರುಗಿ, ಡೊಳ್ಳು ತಗ್ಗಿಸಿ, ಎರಡನೆಯ ನುಡಿ ಹಾಡಿದಳು.

ಬಾಗಿಲ ಇದ್ದವರು ಬಗ್ಗಿ ಬಗ್ಗಿ ಓಡ್ಯಾರ
ಹೊತ್ತ ಮುಳುಗೂದರಾಗ ಉಣ್ಣಾಕ,
ಎಲ್ಲಾರೂ ಒಳಗ ಸೇರಿದ ಮ್ಯಾಲ
ಹಾಡ ಕೇಳಾಕ ಹೊರಗ ಯಾರದಾರ?

 ಆಗ ತೊಂಬತ್ತೊಂದರ ಆ ನಗು ಪೂರ್ತಿಯಾಗಿ ಅರ್ಥವಾಯಿತು. ಮೀಸೆಯ ಮೇಲೆ ತುಪ್ಪವೇ ಇರಲಿಲ್ಲ. ಗುಂಪಿನ ನಡುವೆ ನಾನು ನುಸುಳಿ ಹೋಗುವುದನ್ನು ಅವಳು ವೇದಿಕೆಯಿಂದ ಕಂಡಿದ್ದಾಳೆ, ಕಂಡು ನಿಂತಲ್ಲೇ ಆ ನುಡಿ ಕಟ್ಟಿದ್ದಾಳೆ. ಅವಳು ಸಿದರಾಯನಿಗೆ ಕೊಟ್ಟ ಜವಾಬನ್ನು ನಾನು ಇಷ್ಟು ವರ್ಷ ಹುಡುಕುತ್ತಿದ್ದೆ, ಅದರ ಅರ್ಧ ನನಗೇ ಹಾಕಿದ ಸವಾಲಾಗಿತ್ತು. ನಾಚಿಕೆಯಾಯಿತು, ನಗುವೂ ಬಂತು. ಹೊತ್ತು ನೀರಿನ ಟ್ಯಾಂಕಿನ ಹಿಂದೆ ಮುಳುಗಿಯೇಬಿಟ್ಟಿತ್ತು.

"ನಾ ಅದೀನಿ ಅಕ್ಕಾ," ಎಂದೆ.

ಮೆಲ್ಲಗೇ ಅಂದಿದ್ದೆ. ಆದರೆ ಮಿಕ್ಸರಿನ ಪಕ್ಕದ ಮೈಕು ಚಾಲೂ ಇತ್ತು, ಮಾತು ಬಯಲೆಲ್ಲ ಕೇಳಿಸಿತು.

ಲಗಮವ್ವ ತಲೆಯಾಡಿಸಿ ಡೊಳ್ಳು ನಿಲ್ಲಿಸಿದಳು. ಮುಂದೇನು ಮಾಡಬೇಕೆಂದು ತಿಳಿಯದೆ ಕುಣಾಲ ನಿಂತಿದ್ದಾಗ, ಮುಂದಿನ ಸಾಲಿನಿಂದ ಕೋಮಲ ತಾನು ದೇವರಂತೆ ಕಾಣುವ ಆ ಹುಡುಗನನ್ನೇ ಗದರಿಸಿದಳು, ಗಿಟಾರ್ ಬೋರಲ ಹಾಕು, ಭಂಡಾರ ಹಚ್ಚು ಎಂದು. ಹುಡುಗ ಪಟ್ಟನೆ ಬಗ್ಗಿದ. ಗಿಟಾರ್ ಇಳಿಸಿ ಬೋರಲು ಇಟ್ಟ. ಲಗಮವ್ವ ಸೊಂಟದ ಚೀಲ ಬಿಚ್ಚಿ ತಾನೇ ಭಂಡಾರ ಕೊಟ್ಟು, ತಾನೇ ಹಣೆ ಒಡ್ಡಿದಳು. ಆ ರಾತ್ರಿಯೇ ಅದು ಎಲ್ಲರ ಮೊಬೈಲಿಗೂ ಹೋಯಿತು. ಈಗ ಅವಳು ಸಂತೆಗೆ ಹೋದರೆ ಬಾಗಿಲು ಸಿಕ್ಕಿತೇ ಎಂದು ಯಾರೂ ಕೇಳುವುದಿಲ್ಲ, ನಾಯಿ ಆರಾಮ ಐತೇನ್ರಿ ಎಂದು ಕೇಳುತ್ತಾರೆ.

ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗಲೇ ಅವಳು ಬುತ್ತಿ ಗಂಟು ಹಿಡಿದು ಬಂದು ಕೂತಿದ್ದಳು. ಕೇಳಿಸು ಎಂದಳು. ಮನಿಷಾ ಹಚ್ಚಿದಳು. ಸವಾಲು, ಮೌನ, ಜವಾಬು, ಎರಡನೆಯ ನುಡಿ, ಅದರ ತುದಿಗೆ ನನ್ನ ಒಡಕು ದನಿ. ನಾ ಅದೀನಿ ಅಕ್ಕಾ. ಮನಿಷಾ, ಅಷ್ಟನ್ನು ಕತ್ತರಿಸಿ ತೆಗೆಯುತ್ತೇನೆ, ಹಾಡು ಚೊಕ್ಕ ಆಗುತ್ತದೆ ಎಂದಳು. ಲಗಮವ್ವ ಅವಳ ಕೈ ಹಿಡಿದಳು.

"ಬ್ಯಾಡವ್ವಾ, ಇರಲಿ. ನಾ ಕೇಳಿ ಮೂವತ್ತ ವರ್ಷದ ಮ್ಯಾಲಾತು. ಈಗ ಬಂದೈತಿ ಜವಾಬ."

ಹಾಗೆಂದು ಚೀಲದ ತಳದಲ್ಲಿ ಉಳಿದಿದ್ದ ಭಂಡಾರ ತೆಗೆದು ನನ್ನ ಹಣೆಗೆ ಹಚ್ಚಿದಳು. ಸವಾಲು ಹಾಕಿದವರೇ ಹಚ್ಚಬೇಕು, ನಿಯಮ ನಿಯಮವೇ.  ಹಿಂದಿನ ದಿನದಿಂದ ಊಟವಿಲ್ಲದ ನನ್ನ ಕಣ್ಣು ಅವಳ ಬುತ್ತಿ ಗಂಟಿನ ಮೇಲೇ ಇತ್ತು. ಅವಳು ಅದನ್ನೂ ನೋಡಿದಳು. ಬುತ್ತಿ ಬಿಚ್ಚಿ, ಉಳ್ಳಾಗಡ್ಡಿ ಬಳ್ಳೊಳ್ಳಿ ಮುಟ್ಟಿಸಿಲ್ಲ ಎಂದು ಹೇಳಿ, ಎರಡು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಚಟ್ನಿ ಹಾಕಿ ನನ್ನ ಮುಂದೆ ಸರಿಸಿದಳು.

"ಸಾವಕಾಶ ಉಣ್ಣ ತಮ್ಮಾ," ಎಂದಳು. "ಹೊತ್ತ ಮುಳುಗಾಕ ಇನ್ನೂ ಭಾಳ ವ್ಯಾಳ್ಯಾ ಐತಿ."